ನಾಣ್ಯದ ಮೇಲಿನ ಗೆರೆ, ನಾಣ್ಯ ಹಿಡಿದ ಕೈ

ಕನ್ನಡದ ‘ನಾಣ್ಯ’ ಎಂಬ ಪದಕ್ಕೆ ದುಡ್ಡು ಎಂಬುದೊಂದೇ ಅರ್ಥವಲ್ಲ. ‘ನಾಣ್ಯವಾದ ಸರಕು’ ಎಂದರೆ ಗುಣಮಟ್ಟದ ಸರಕು. ‘ನಾಣ್ಯಸ್ಥ’ ಎಂದರೆ ನಂಬಿಕೆಗೆ ಅರ್ಹನಾದ ಮನುಷ್ಯ. ಲೋಹದ ಬಿಲ್ಲೆಗೂ ಮನುಷ್ಯನ ಪ್ರಾಮಾಣಿಕತೆಗೂ ನಮ್ಮ ಹಿರಿಯರು ಒಂದೇ ಪದವನ್ನು ಬಳಸಿದ್ದರಲ್ಲಿ ಅರ್ಥವಿದೆ. ಅಂಗಡಿಯವನು ನಾಣ್ಯ ಪಡೆಯುವಾಗ ಅದನ್ನು ತೂಗಿ ನೋಡುವುದಿಲ್ಲ. ಅದನ್ನು ಹೊರಡಿಸಿದವರನ್ನು ನಂಬುತ್ತಾನೆ. ನಾಳೆ ಅದನ್ನು ತನ್ನಿಂದ ಪಡೆಯುವವರನ್ನೂ ನಂಬುತ್ತಾನೆ. ಈ ನಂಬಿಕೆ ಇಲ್ಲದಿದ್ದರೆ ಟಂಕಸಾಲೆಯ ಅತ್ಯುತ್ತಮ ಅಚ್ಚು ಕೂಡಾ ಬರೀ ಲೋಹದ ಚೂರು.

ಆದ್ದರಿಂದ ಒಂದು ನಾಣ್ಯದ ವಿನ್ಯಾಸ ಜನರಿಗೆ ಇಷ್ಟವಾಗಲಿಲ್ಲ ಎಂಬುದನ್ನು ಕೇವಲ ಅಭಿರುಚಿಯ ಪ್ರಶ್ನೆಯಾಗಿ ನಾವು ನೋಡಲಾಗದು. ಇಷ್ಟವಾಗದ ಸೀರೆಯನ್ನು ಉಡದಿರಬಹುದು, ಇಷ್ಟವಾಗದ ಪತ್ರಿಕೆಯನ್ನು ಓದದಿರಬಹುದು. ಇಷ್ಟವಾಗದ ನಾಣ್ಯವನ್ನು ಮಾತ್ರ ನಿತ್ಯವೂ ಮುಟ್ಟಲೇಬೇಕು. ಹಾಗಾದರೆ ಜನರ ಅಸಮಾಧಾನಕ್ಕೆ ಸರಕಾರ ಎಷ್ಟು ಬೆಲೆ ಕೊಡಬೇಕು? ಎಲ್ಲ ಅಸಮಾಧಾನಗಳೂ ಒಂದೇ ತೂಕದವೇ? ಈ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮದೇ ದೇಶದ 2 ರೂಪಾಯಿ ನಾಣ್ಯವೊಂದು ನೆರವಾಗುತ್ತದೆ.

1992ರಿಂದ ಚಲಾವಣೆಯಲ್ಲಿದ್ದ 2 ರೂಪಾಯಿ ನಾಣ್ಯಕ್ಕೆ 11 ಮೂಲೆಗಳಿದ್ದವು. ಅದರ ಮೇಲೆ ಭಾರತದ ನಕ್ಷೆ ಮತ್ತು ರಾಷ್ಟ್ರೀಯ ಏಕತೆಯ ಸಂದೇಶವಿತ್ತು. 2005ರ ಇಸವಿಯನ್ನು ಹೊತ್ತು ಅದರ ಜಾಗಕ್ಕೆ ಬಂದದ್ದು ತುಕ್ಕು ಹಿಡಿಯದ ಉಕ್ಕಿನ, ದುಂಡನೆಯ ನಾಣ್ಯ. ಅದರ ಮೇಲೆ ಒಂದನ್ನೊಂದು ಅಡ್ಡಹಾಯುವ ಗೆರೆಗಳು, ನಾಲ್ಕು ಮೂಲೆಗಳಲ್ಲಿ ನಾಲ್ಕು ಚುಕ್ಕೆಗಳು. ನಾಲ್ಕು ತಲೆಗಳು ಒಂದೇ ದೇಹವನ್ನು ಹಂಚಿಕೊಂಡಿವೆ, ಇದು ವಿವಿಧತೆಯಲ್ಲಿ ಏಕತೆಯ ಸಂಕೇತ ಎಂಬುದು ಅಧಿಕೃತ ವಿವರಣೆ. ಆದರೆ ಹಲವರ ಕಣ್ಣಿಗೆ ಕಂಡದ್ದು ಕ್ರೈಸ್ತರ ಶಿಲುಬೆ. ಒಂಬತ್ತನೇ ಶತಮಾನದ ಫ್ರಾಂಕ್ ದೊರೆ ಭಕ್ತ ಲೂಯಿಯ ನಾಣ್ಯದಲ್ಲಿದ್ದ ಶಿಲುಬೆಯನ್ನೇ ಇಲ್ಲಿ ಅಚ್ಚೊತ್ತಲಾಗಿದೆ ಎಂಬ ಆರೋಪ ಬಂತು. ಅದು ರಾಜಕೀಯ ವೇದಿಕೆಗಳನ್ನೂ ಏರಿತು. ಏಕತೆಯನ್ನು ಸಾರಲು ಬಂದ ನಾಣ್ಯವೇ ಸಂಶಯವನ್ನು ಹಂಚುವ ಸಾಧನವಾಯಿತು!

ರಾಷ್ಟ್ರದ ನಾಣ್ಯದ ಮೇಲೆ ಯಾವುದೇ ಒಂದು ಧರ್ಮದ ಗುರುತು ಇರಬಾರದು ಎಂದು ಒಬ್ಬ ಪ್ರಜೆ ಹೇಳಿದರೆ ಅದರಲ್ಲಿ ತಪ್ಪಿಲ್ಲ. ಅದು ಕೇಳಲೇಬೇಕಾದ ಪ್ರಶ್ನೆ. ನಾಣ್ಯ ಜನರ ಕೈಗೆ ಬಂದ ಮೇಲೆ ಅದರ ಅರ್ಥವನ್ನು ವಿವರಿಸುವ ಸರಕಾರದ ಅಭ್ಯಾಸವೂ ಸರಿಯಲ್ಲ. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೂ ಸಂಶಯ ಉಳಿದರೆ ಅದರ ಬೇರು ನಾಣ್ಯದಲ್ಲಿಲ್ಲ. ಕೂಡಿಸುವ ಚಿಹ್ನೆಯಲ್ಲಿ, ಔಷಧಿ ಅಂಗಡಿಯ ಫಲಕದಲ್ಲಿ, ನಾಲ್ಕು ರಸ್ತೆ ಕೂಡುವ ವೃತ್ತದಲ್ಲಿ ಅದೇ ಗೆರೆಗಳಿವೆ. ಅಲ್ಲಿ ಕಾಣದ ಶಿಲುಬೆ ನಾಣ್ಯದಲ್ಲಿ ಮಾತ್ರ ಏಕೆ ಕಂಡಿತು? ಗೆರೆ ಎಳೆದ ಕೈಯ ಬಗ್ಗೆ ಮೊದಲೇ ಮನಸ್ಸಿನಲ್ಲಿ ಶಂಕೆಯಿದ್ದರೆ ಕಣ್ಣು ಅದಕ್ಕೆ ಸಾಕ್ಷ್ಯ ಹುಡುಕಿಕೊಡುತ್ತದೆ.

ಇತಿಹಾಸದ ಒಂದು ಪುಟ ಇದಕ್ಕೆ ಸ್ವಾರಸ್ಯಕರವಾದ ಕನ್ನಡಿ ಹಿಡಿಯುತ್ತದೆ. ಏಳನೇ ಶತಮಾನದ ಸಿರಿಯಾದಲ್ಲಿ ಮುಸ್ಲಿಮರ ಆಡಳಿತ ಸ್ಥಾಪನೆಯಾದ ಬಳಿಕವೂ ಮಾರುಕಟ್ಟೆಯಲ್ಲಿ ಓಡುತ್ತಿದ್ದುದು ಬೈಝಂಟೈನ್ ಸಾಮ್ರಾಜ್ಯದ ಚಿನ್ನದ ನಾಣ್ಯಗಳು. ಅವುಗಳ ಮೇಲೆ ಶಿಲುಬೆಯಿತ್ತು. ಇರಾಕ್, ಇರಾನ್‌ಗಳಲ್ಲಿ ಸಸಾನಿ ದೊರೆಯ ಮುಖ ಮತ್ತು ಅಗ್ನಿಕುಂಡದ ಚಿತ್ರವಿರುವ ಬೆಳ್ಳಿಯ ದಿರ್ಹಮ್‌ಗಳಿದ್ದವು. ಅಮೀರ್ ಮುಆವಿಯಾ(ರ) ಶಿಲುಬೆಯಿಲ್ಲದ ಚಿನ್ನ-ಬೆಳ್ಳಿಯ ನಾಣ್ಯಗಳನ್ನು ಹೊರಡಿಸಿದರೆಂದೂ ಶಿಲುಬೆ ಇಲ್ಲವೆಂಬ ಕಾರಣಕ್ಕೆ ಜನರು ಅವುಗಳನ್ನು ಸ್ವೀಕರಿಸಲಿಲ್ಲವೆಂದೂ ಆ ಕಾಲದ ಸಿರಿಯಾಕ್ ಭಾಷೆಯ ‘ಮಾರೋನೈಟ್ ಕ್ರೋನಿಕಲ್’ ದಾಖಲಿಸಿದೆ. ಖಲೀಫ ಅಬ್ದುಲ್ ಮಲಿಕ್ ಬಿನ್ ಮರ್ವಾನ್ ಚಿತ್ರಗಳನ್ನೆಲ್ಲ ಕೈಬಿಟ್ಟು, ಬರಹ ಮಾತ್ರವಿರುವ ಚಿನ್ನದ ದೀನಾರ್ ತಂದದ್ದು ಹಿಜರಿ 77ರಲ್ಲಿ, ಅಂದರೆ ಕ್ರಿ.ಶ. 696-97ರಲ್ಲಿ. ಅಲ್ಲಿಯ ತನಕ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮುಸ್ಲಿಮರು ಶಿಲುಬೆ ಮತ್ತು ಅಗ್ನಿಕುಂಡದ ನಾಣ್ಯಗಳಲ್ಲೇ ವ್ಯಾಪಾರ ಮಾಡಿದರು. ಅದರಿಂದ ಅವರ ವಿಶ್ವಾಸಕ್ಕೆ ಕುಂದು ಬಂದಿತೆಂದು ಯಾರೂ ಹೇಳುವುದಿಲ್ಲ.

ಅಂದು ಸಿರಿಯಾದಲ್ಲಿ ಶಿಲುಬೆ ಇಲ್ಲದ್ದಕ್ಕೆ ನಾಣ್ಯ ಬೇಡವಾಯಿತು. ಇಂದು ಭಾರತದಲ್ಲಿ ಶಿಲುಬೆ ಇದೆಯೆಂಬ ಗುಮಾನಿಗೆ ನಾಣ್ಯ ಬೇಡವಾಯಿತು. ಎರಡೂ ಕಡೆ ಜನರು ನೋಡಿದ್ದು ಒಂದನ್ನೇ: ಇದು ನಮ್ಮದೋ ಅಥವಾ ಪರರದೋ?

ಜಾಣ ಆಡಳಿತಗಾರರು ಈ ಮನಸ್ಸನ್ನು ಅರಿತಿದ್ದರು. ಹನ್ನೆರಡನೇ ಶತಮಾನದ ಕೊನೆಯಲ್ಲಿ ಉತ್ತರ ಭಾರತವನ್ನು ಗೆದ್ದ ಮುಹಮ್ಮದ್ ಘೋರಿ ತನ್ನ ಚಿನ್ನದ ನಾಣ್ಯದಲ್ಲಿ ಲಕ್ಷ್ಮಿಯ ಚಿತ್ರವನ್ನು ಹಾಗೆಯೇ ಉಳಿಸಿಕೊಂಡು, ಇನ್ನೊಂದು ಬದಿಯಲ್ಲಿ ನಾಗರಿ ಲಿಪಿಯಲ್ಲಿ ತನ್ನ ಹೆಸರನ್ನು ಬರೆಸಿದ. 1763ರಲ್ಲಿ ಬಿದನೂರನ್ನು ವಶಪಡಿಸಿಕೊಂಡ ಹೈದರಾಲಿ, ಶಿವ-ಪಾರ್ವತಿಯರ ಚಿತ್ರವಿದ್ದ ಅಲ್ಲಿನ ವರಹದ ಅಚ್ಚನ್ನೇ ಮುಂದುವರಿಸಿದ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಪರ್ಷಿಯನ್ ಲಿಪಿಯಲ್ಲಿ ಸೇರಿಸಿದ್ದಷ್ಟೇ ಬದಲಾವಣೆ. ಇದನ್ನು ಔದಾರ್ಯವೆಂದೂ ಕರೆಯಬಹುದು, ವ್ಯಾಪಾರದ ಜಾಣ್ಮೆಯೆಂದೂ ಕರೆಯಬಹುದು. ಕೈ ಬದಲಾದರೂ ಸಂತೆಯಲ್ಲಿ ಹೊನ್ನು ಓಡಬೇಕಿತ್ತು, ಓಡಿತು.

ಈಗ ಆ 2 ರೂಪಾಯಿ ನಾಣ್ಯಕ್ಕೇ ಮರಳೋಣ. ಅದರ ಬಗ್ಗೆ ಇನ್ನೊಂದು ದೂರೂ ಇತ್ತು. ಅದು ಕಣ್ಣಿನ ದೂರಲ್ಲ, ಬೆರಳಿನ ದೂರು. ದೃಷ್ಟಿಹೀನರಿಗೆ ಹೊಸ ನಾಣ್ಯವನ್ನು ಗುರುತಿಸಲು ಕಷ್ಟವಾಗುತ್ತಿತ್ತು.

ಹಳೆಯ ಚಿಲ್ಲರೆ ನಾಣ್ಯಗಳನ್ನು ಬಳಸಿದವರಿಗೆ ಇದು ಸುಲಭವಾಗಿ ಅರ್ಥವಾದೀತು. 5 ಪೈಸೆ ಚೌಕಾಕಾರ, 10 ಪೈಸೆಗೆ ಹೂವಿನಂತಹ ಅಲೆಯಂಚು, 20 ಪೈಸೆಗೆ ಆರು ಮೂಲೆ. ಅಕ್ಷರ ಬಾರದ ಅಜ್ಜಿಯೂ ಕತ್ತಲಲ್ಲಿ ಸೆರಗಿನ ಗಂಟು ಬಿಚ್ಚಿ ಎಣಿಸಬಲ್ಲಂತಹ ನಾಣ್ಯಗಳವು. 11 ಮೂಲೆಯ 2 ರೂಪಾಯಿಯೂ ಅದೇ ಸಾಲಿನದ್ದು. ಹೊಸ ಉಕ್ಕಿನ ನಾಣ್ಯಗಳಲ್ಲಿ ಈ ಮೂಲೆಗಳು ಮಾಯವಾದವು. 2007ರಲ್ಲಿ ಹಸ್ತಮುದ್ರೆಗಳ ಸರಣಿ ಬಂತು. ಒಂದು ರೂಪಾಯಿಗೆ ಮೇಲೆತ್ತಿದ ಹೆಬ್ಬೆರಳು, ಎರಡು ರೂಪಾಯಿಗೆ ಎರಡು ಬೆರಳುಗಳು. ಓದು ಬಾರದವರೂ ಬೆರಳು ನೋಡಿ ಬೆಲೆ ತಿಳಿಯಬಹುದು, ಕಲ್ಪನೆ ಸುಂದರವಾದುದೇ. ಆದರೆ ಒಂದರ ವ್ಯಾಸ 25 ಮಿಲಿಮೀಟರ್, ಇನ್ನೊಂದರದ್ದು 27. ತೂಕದ ವ್ಯತ್ಯಾಸ ಒಂದು ಗ್ರಾಮಿಗೂ ಕಡಿಮೆ. ಲೋಹ ಒಂದೇ, ಆಕಾರ ಒಂದೇ. ಚಿತ್ರದ ಬೆರಳು ಕಣ್ಣಿದ್ದವನಿಗೆ ಕಾಣುತ್ತದೆ. ಕಣ್ಣಿಲ್ಲದವನ ಬೆರಳಿಗೆ ಏನು ಕಂಡೀತು?

2011ರಲ್ಲಿ ರೂಪಾಯಿ ಚಿಹ್ನೆಯ ಹೊಸ ಸರಣಿ ಬಂದಾಗ ಗೊಂದಲ ಇನ್ನಷ್ಟು ಬೆಳೆಯಿತು. ಹೊಸ 2 ರೂಪಾಯಿಯ ವ್ಯಾಸ 25 ಮಿಲಿಮೀಟರ್, ತೂಕ 4.85 ಗ್ರಾಂ. ಹಳೆಯ 1 ರೂಪಾಯಿಯ ವ್ಯಾಸ ಮತ್ತು ತೂಕವೂ ಅದುವೇ! ಹಳೆಯದ್ದು ರದ್ದಾಗಿರಲಿಲ್ಲ. ಎರಡೂ ಒಂದೇ ಜೇಬಿನಲ್ಲಿದ್ದವು. ಕಣ್ಣಿದ್ದವರೇ ಬಸ್ಸಿನ ನೂಕುನುಗ್ಗಲಲ್ಲಿ ಎಡವುತ್ತಿದ್ದಾಗ ಬಿಳಿ ಕೋಲು ಹಿಡಿದವನ ಪಾಡೇನು? ಅವನು ಪ್ರತಿ ಬಾರಿಯೂ ಎದುರಿನವನ ಪ್ರಾಮಾಣಿಕತೆಯನ್ನು ಅವಲಂಬಿಸಬೇಕು. ತನ್ನ ದುಡ್ಡನ್ನು ತಾನೇ ಎಣಿಸಿಕೊಳ್ಳುವುದು ಮನುಷ್ಯನ ಘನತೆಗೆ ಸಂಬಂಧಿಸಿದ ಹಕ್ಕು.

ಎರಡು ದೂರುಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಶಿಲುಬೆಯ ದೂರು ಸಭೆಗಳಲ್ಲಿ, ಪತ್ರಿಕೆಗಳಲ್ಲಿ ಮೊಳಗಿತು. ಆದರೆ ಆ ನಾಣ್ಯವನ್ನು ಪಡೆದುದರಿಂದ ಯಾರ ಪೂಜೆಯೂ ನಿಲ್ಲಲಿಲ್ಲ, ಯಾರ ನಮಾಝೂ ಕೆಡಲಿಲ್ಲ, ಯಾರ ಜೇಬಿಗೂ ನಷ್ಟವಾಗಲಿಲ್ಲ. ದೃಷ್ಟಿಹೀನರ ದೂರಿಗೆ ಅಂತಹ ಧ್ವನಿಯಿರಲಿಲ್ಲ. ಆದರೆ ಅವರ ನಷ್ಟ ನಿತ್ಯದ್ದು, ಎಣಿಸಬಹುದಾದದ್ದು. ಅಸಮಾಧಾನದ ತೂಕವನ್ನು ಅದರ ಗದ್ದಲದಿಂದ ಅಳೆಯುವ ಸಮಾಜದಲ್ಲಿ ದುರ್ಬಲರ ದೂರು ಯಾವಾಗಲೂ ತಡವಾಗಿಯೇ ದಡ ಸೇರುತ್ತದೆ.

ಅದು ಸೇರಿದ್ದು 2019ರ ಮಾರ್ಚ್‌ನಲ್ಲಿ. ದೃಷ್ಟಿಹೀನರಿಗೆ ಅನುಕೂಲವಾಗುವಂತೆ 1, 2, 5, 10 ಮತ್ತು 20 ರೂಪಾಯಿಗಳ ಹೊಸ ಸರಣಿಯನ್ನು ಅಂದು ಬಿಡುಗಡೆ ಮಾಡಲಾಯಿತು. ಬೆಲೆ ಏರಿದಂತೆ ತೂಕವೂ ಏರುವ ಕ್ರಮ, 20 ರೂಪಾಯಿಗೆ 12 ಮೂಲೆಗಳು. ಸ್ವಾಗತಾರ್ಹ ಹೆಜ್ಜೆಯೇ ಸರಿ. ಆದರೂ ಸಮಸ್ಯೆ ಪೂರ್ತಿ ಮುಗಿದಿಲ್ಲ. ಹೊಸ 5 ರೂಪಾಯಿಯ ವ್ಯಾಸ 25 ಮಿಲಿಮೀಟರ್. ಹಳೆಯ 1 ರೂಪಾಯಿ, 2011ರ 2 ರೂಪಾಯಿ, ಈಗ 5 ರೂಪಾಯಿ. ಮೂರಕ್ಕೂ ಅಗಲ ಒಂದೇ. ಐದು ರೂಪಾಯಿಯ ತೂಕ ಹೆಚ್ಚು ಎಂಬುದಷ್ಟೇ ಸಮಾಧಾನ. ಹೊಸತನ್ನು ರೂಪಿಸುವವರು ಹಳೆಯವು ಇನ್ನೂ ಜನರ ಕೈಯಲ್ಲಿವೆ ಎಂಬುದನ್ನು ಮರೆಯಬಾರದು.

ನಾಣ್ಯ ಸಂಗ್ರಾಹಕರ ಅಸಮಾಧಾನ ಮೂರನೆಯ ಬಗೆಯದು. ಉಕ್ಕು ಗಡಸು ಲೋಹವಾದ್ದರಿಂದ ಅದರ ಮೇಲೆ ಚಿತ್ರ ಆಳವಾಗಿ ಮೂಡುವುದಿಲ್ಲ, ಹಳೆಯ ಬೆಳ್ಳಿ-ತಾಮ್ರದ ಕಳೆ ಇದಕ್ಕಿಲ್ಲ ಎಂದು ಅವರು ಮರುಗುತ್ತಾರೆ. ಸೌಂದರ್ಯದ ಈ ಕಾಳಜಿಯನ್ನು ನಾವು ಹಗುರವಾಗಿ ಕಾಣಬೇಕಿಲ್ಲ. ಆದರೆ ಸಂಗ್ರಾಹಕನಿಗೆ ಹಬ್ಬವೆನಿಸುವ ವೈವಿಧ್ಯ ಸಾಮಾನ್ಯನಿಗೆ ಸಂಕಟವಾಗಬಹುದು. 2009ರಲ್ಲಿ ಚಲಾವಣೆಗೆ ಬಂದ 10 ರೂಪಾಯಿ ನಾಣ್ಯವೇ ಇದಕ್ಕೆ ಉದಾಹರಣೆ. ಕೆಲವದರಲ್ಲಿ 15 ಗೆರೆ, ಕೆಲವದರಲ್ಲಿ 10 ಗೆರೆ. ಕೆಲವದರಲ್ಲಿ ರೂಪಾಯಿ ಚಿಹ್ನೆ ಇದೆ, ಕೆಲವದರಲ್ಲಿ ಇಲ್ಲ. ಯಾವುದೋ ಒಂದು ಬಗೆಯದು ಖೋಟಾ ಎಂಬ ವದಂತಿ ಹಬ್ಬಿತು. ನಮ್ಮ ರಾಜ್ಯದ ಊರೂರುಗಳಲ್ಲೂ ಅಂಗಡಿಗಳು ಈ ನಾಣ್ಯವನ್ನು ನಿರಾಕರಿಸಿದವು. 14 ವಿನ್ಯಾಸಗಳೂ ಸಿಂಧುವೆಂದು 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟಪಡಿಸಬೇಕಾಯಿತು. ಇಲ್ಲೂ ನಷ್ಟ ಯಾರಿಗೆ? ದೊಡ್ಡ ವ್ಯಾಪಾರಿಗಲ್ಲ. ಸೊಪ್ಪು ಮಾರಿ ಸಂಜೆಗೆ ಹತ್ತು ನಾಣ್ಯ ಗಳಿಸಿದ ಹೆಂಗಸಿಗೆ. ಅದನ್ನು ಹಿಡಿದು ಅಕ್ಕಿಯಂಗಡಿಗೆ ಹೋದರೆ “ಇದು ನಡೆಯೋದಿಲ್ಲಮ್ಮ” ಎಂಬ ಉತ್ತರ. ಆಕೆಯ ಒಂದು ದಿನದ ದುಡಿಮೆಯನ್ನೇ ವದಂತಿಯೊಂದು ಸವಕಲು ಮಾಡಿತು.

ಈ ಎಲ್ಲ ಉದಾಹರಣೆಗಳಿಂದ ನಾವು ಒಂದು ಮಾನದಂಡವನ್ನು ಪಡೆಯಬಹುದು. ಸಾರ್ವಜನಿಕ ವಸ್ತುವೊಂದರ ಬಗ್ಗೆ ಜನರು ಅಸಮಾಧಾನ ವ್ಯಕ್ತಪಡಿಸಿದಾಗ ಮೊದಲು ಕೇಳಬೇಕಾದ ಪ್ರಶ್ನೆ ‘ಎಷ್ಟು ಮಂದಿ ಕೂಗುತ್ತಿದ್ದಾರೆ?’ ಎಂಬುದಲ್ಲ. ‘ಇದರಿಂದ ಯಾರು, ಏನನ್ನು ಕಳೆದುಕೊಳ್ಳುತ್ತಿದ್ದಾರೆ?’ ಎಂಬುದು. ಕಳೆದುಕೊಳ್ಳುವವರು ಇದ್ದರೆ ಅವರು ಒಬ್ಬರೇ ಆಗಿದ್ದರೂ ವಿನ್ಯಾಸ ಬದಲಾಗಬೇಕು. ಕಳೆದುಕೊಳ್ಳುವವರು ಯಾರೂ ಇಲ್ಲದೆ ಬರೀ ಶಂಕೆ ಇದ್ದರೆ ಅದಕ್ಕೆ ವಿವರಣೆ ಕೊಡಬೇಕು, ತಾಳ್ಮೆಯಿಂದ ಮಾತಾಡಬೇಕು. ಶಂಕೆಗೆಲ್ಲ ಅಚ್ಚು ಬದಲಿಸುತ್ತಾ ಹೋದರೆ ಟಂಕಸಾಲೆಗೆ ಬಿಡುವೇ ಇರದು. ನಾಳೆ ಚಂದ್ರನ ಗೆರೆಯಲ್ಲಿ ಒಬ್ಬರಿಗೆ, ಕಮಲದ ಎಸಳಿನಲ್ಲಿ ಇನ್ನೊಬ್ಬರಿಗೆ ಸಂಚು ಕಂಡೀತು. ಈ ಮಾತು ನಮಗೂ ಅನ್ವಯಿಸುತ್ತದೆ. ನಮಗೆ ಪರಿಚಿತವಲ್ಲದ ಪ್ರತಿ ಗೆರೆಯೂ ನಮ್ಮ ವಿರುದ್ಧ ಎಳೆದ ಗೆರೆಯಾಗಬೇಕಿಲ್ಲ.

ನಾಣ್ಯದ ವಿನ್ಯಾಸವನ್ನು ನಿರ್ಧರಿಸುವ ಅಧಿಕಾರ ಕೇಂದ್ರ ಸರಕಾರದ್ದು, ಹಂಚುವ ಕೆಲಸ ರಿಸರ್ವ್ ಬ್ಯಾಂಕಿನದ್ದು. ಆದರೆ ಅದನ್ನು ಓಡಿಸುವವರು ನಾವು. ಒಂದೇ ನಾಣ್ಯ ಬೆಳಿಗ್ಗೆ ದೇವಸ್ಥಾನದ ಮುಂದಿನ ಹೂವಿನಂಗಡಿಯಲ್ಲಿ, ಮಧ್ಯಾಹ್ನ ಮಸೀದಿ ಬೀದಿಯ ಚಹಾದಂಗಡಿಯಲ್ಲಿ, ಸಂಜೆ ಇಗರ್ಜಿಯ ಕಾಣಿಕೆ ಡಬ್ಬಿಯಲ್ಲಿ ಇರುತ್ತದೆ. ಅದು ಯಾರ ಧರ್ಮವನ್ನೂ ವಿಚಾರಿಸುವುದಿಲ್ಲ. ಅದನ್ನು ಅಚ್ಚು ಹಾಕುವವರು ಬೆರಳಿನಿಂದಲೇ ಓದಬೇಕಾದ ಕೈಯನ್ನು ಮೊದಲು ನೆನೆಯಲಿ. ಪಡೆಯುವ ನಾವು ಅದನ್ನು ನೀಡಿದ ಕೈಯನ್ನು ನಂಬುವುದನ್ನು ಕಲಿಯೋಣ. ನಾಣ್ಯಸ್ಥ ಸಮಾಜ ಎಂದರೆ ಅದುವೇ.