ಎಳ್ಳಿನ ಸಂಗಡ ಬರುವ ಪಾಕೀಟು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ನಮ್ಮ ಈ ಕಡೆಯ ಯಾವ ಊರಾದರೂ ಸರಿ, ಸಂಕ್ರಮಣವೆಂದರೆ ಕುಸುರೆಳ್ಳು. ಹುಡುಗಿಯರು ಮನೆಮನೆಗೆ ಹೋಗಿ ಎಳ್ಳು ಕೈಗಿಟ್ಟು, ಎಳ್ಳು-ಬೆಲ್ಲದ್ಹಂಗ ಇರೋಣ ಎನ್ನುತ್ತಾರೆ. ಅಲ್ಲಿಂದ ರಥಸಪ್ತಮಿಯವರೆಗೆ ಹೆಂಗಸರ ಅರಿಷಿಣ-ಕುಂಕುಮ. ಬಂದವರಿಗೆ ಏನಾದರೊಂದು ವಸ್ತು ಕೊಡುವ ರೂಢಿಯೂ ಉಂಟು. ಮರಾಠಿ ಮನೆಗಳಲ್ಲಿ ಅದಕ್ಕೆ ವಾಣ ಎನ್ನುತ್ತಾರೆ.

ಈಗ ಆ ಒಂದು ಚಿಟಿಕೆ ಎಳ್ಳೂ ಪ್ಲಾಸ್ಟಿಕ್ ಪಾಕೀಟಿನಲ್ಲಿ ಬರುತ್ತದೆ. ವಾಣವೂ ಬಹಳ ಕಡೆ ಪ್ಲಾಸ್ಟಿಕ್ ಡಬ್ಬಿಯೇ. ಇಷ್ಟು ಸಣ್ಣ ಪಾಕೀಟಿಗೆ ಇಷ್ಟೇಕೆ ಯೋಚನೆ ಎಂದು ನೀವು ಕೇಳಬಹುದು. ಅದು ಎಲ್ಲಿಗೆ ಹೋಗುತ್ತದೆ ನೋಡಿ. ಬಚ್ಚಲ ಒಲೆಗೆ ಹಾಕಿದರೆ ಅದರ ವಿಷದ ಹೊಗೆ ಮನೆಯವರ ಎದೆಗೇ. ತಿಪ್ಪೆಗೆ ಎಸೆದರೆ ಸಿಹಿಯ ವಾಸನೆಗೆ ದನ ಅದನ್ನು ನುಂಗುತ್ತದೆ. ಅದರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಕರಗುವುದಿಲ್ಲ. ಗಟಾರಕ್ಕೆ ಬಿದ್ದರೆ ಮಳೆಗಾಲದಲ್ಲಿ ಹಳ್ಳ ಸೇರಿ ಕೃಷ್ಣೆಯ ಕಡೆ ಹೊರಡುತ್ತದೆ. ನಸುಕಿನಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕ ಹೆಂಗಸಿಗೆ ನಮ್ಮಲ್ಲಿ ಎಷ್ಟು ಜನ ಎಳ್ಳು ಕೊಡುತ್ತೇವೆ? ಅವಳ ಪಾಲಿಗೆ ಬರುವುದು ಖಾಲಿ ಪಾಕೀಟು ಮಾತ್ರ.

ಕಾಯಿದೆ ಇಲ್ಲವೆಂದಲ್ಲ. 2016ರಲ್ಲಿ ನಮ್ಮ ರಾಜ್ಯ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಲ್ಲೆಲ್ಲ ಮಿಠಾಯಿ ಡಬ್ಬಿಗೆ ಸುತ್ತುವ ತೆಳು ಹಾಳೆಗೂ, ಕಡ್ಡಿ ಮಿಠಾಯಿಯ ಪ್ಲಾಸ್ಟಿಕ್ ಕಡ್ಡಿಗೂ ನಿಷೇಧ ಬಂತು. ಆದರೆ ಚಾಕೊಲೇಟಿನ ಹೊದಿಕೆಗೆ, ವಾಣದ ಡಬ್ಬಿಗೆ ಈ ನಿಷೇಧವಿಲ್ಲ. ಅಲ್ಲಿ ನಮ್ಮ ವಿವೇಕವೇ ಕಾಯಿದೆ.

ನಮ್ಮ ಹಿರಿಯರು ಪರಿಸರದ ಪಾಠ ಓದಿದವರಲ್ಲ. ಆದರೂ ಉಡಿ ತುಂಬುವಾಗ ಅಕ್ಕಿ, ಕಾಯಿ, ಅಡಿಕೆಗೆ ಸೆರಗೇ ಚೀಲವಾಗುತ್ತಿತ್ತು. ದಸರೆಗೆ ಬಂಗಾರವೆಂದು ಕೊಡುವುದು ಬನ್ನಿ ಎಲೆ. ಕುಸುರೆಳ್ಳನ್ನೇ ನೋಡಿ: ಸಣ್ಣ ಉರಿಯ ಮೇಲೆ ತಟ್ಟೆಯಿಟ್ಟು, ಸಕ್ಕರೆ ಪಾಕವನ್ನು ಹನಿಹನಿಯಾಗಿ ಹಾಕುತ್ತ, ಬೆರಳ ತುದಿಯಿಂದ ಆಡಿಸುತ್ತ ಕುಳಿತರೆ ನಿಧಾನವಾಗಿ ಎಳ್ಳಿಗೆ ಮುಳ್ಳೇಳುತ್ತದೆ. ಕೊಡುತ್ತಿದ್ದುದು ಒಂದು ಚಿಟಿಕೆಯಾದರೂ ಅದರಲ್ಲಿ ಕೊಟ್ಟವಳ ಹೊತ್ತು ಇರುತ್ತಿತ್ತು.

ಆದರೆ ಹಳೆಯದನ್ನು ಹೊಗಳಿದಷ್ಟಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ನಿಪ್ಪಾಣಿಯಲ್ಲಿ ದಿನವಿಡೀ ಬೀಡಿ ಕಟ್ಟುವ ತಾಯಿಗೆ ಎಳ್ಳಿನ ಮುಂದೆ ಕೂಡ್ರಲು ಪುರುಸೊತ್ತೆಲ್ಲಿ? ಅವಳ ಮಗಳು ಅಂಗಡಿಯ ಪಾಕೀಟು ಹಿಡಿದು, “ಅಕ್ಕೋರ, ಎಳ್ಳ ತಗೋರಿ” ಎಂದು ಬಂದರೆ ಬೇಡವೆನ್ನಬಹುದೇ? ನನ್ನ ಮಟ್ಟಿಗೆ ಉತ್ತರ ಸ್ಪಷ್ಟವಿದೆ. ತೆಗೆದುಕೊಳ್ಳಬೇಕು, ಅವಳೆದುರೇ ಬಾಯಿಗೆ ಹಾಕಿಕೊಳ್ಳಬೇಕು. ನೇಮ ಕೊಡುವ ಕೈಗೆ ಇರಲಿ, ತೆಗೆದುಕೊಳ್ಳುವ ಕೈಗೆ ಬೇಡ. ಮಗುವಿನ ಮನಸ್ಸು ಮುರಿದು ಉಳಿಸುವ ಪರಿಸರ ಯಾರಿಗಾಗಿ? ಕೊಳ್ಳುವ ಶಕ್ತಿಯೂ ಆರಿಸುವ ಬಿಡುವೂ ಇರುವವರ ಮೇಲೆಯೇ ಈ ಜವಾಬ್ದಾರಿ ಹೆಚ್ಚು.

ಪ್ಲಾಸ್ಟಿಕ್ ಬಿಟ್ಟು ಸ್ಟೀಲು ಕೊಟ್ಟರಾಯಿತೇ? ಇಪ್ಪತ್ತು ಬಟ್ಟಲು ಅಟ್ಟದ ಮೇಲಿರುವವಳಿಗೆ ಇಪ್ಪತ್ತೊಂದನೆಯದೂ ಹೊರೆಯೇ. ಯಾರ ವಾಣ ದೊಡ್ಡದು ಎಂಬ ಪೈಪೋಟಿ ಇರುವವರೆಗೆ ವಸ್ತು ಬದಲಾದೀತು, ಕಸ ಕಡಿಮೆಯಾಗದು. ತೀರಿಹೋಗುವಂಥದನ್ನು ಕೊಡೋಣ. ಒಂದು ಬೆಲ್ಲದ ಹೆಂಟೆ, ಸೆರಗಿಗೆ ಹಿಡಿ ಶೇಂಗಾ, ಕಾಗದದ ಪುಡಿಕೆಯಲ್ಲಿ ಹೀರೆ ಬೀಜ. ಎಳ್ಳನ್ನಂತೂ ಡಬ್ಬಿಯಿಂದ ಡಬ್ಬಿಗೆ ಹಾಕಬಹುದು. ಅವರದು ನಮ್ಮದರಲ್ಲಿ, ನಮ್ಮದು ಅವರದರಲ್ಲಿ ಬೆರೆತುಹೋಗುತ್ತದೆ.

ವಾಣ ಕೊಳ್ಳುವ ಮೊದಲು ಅಂಗಡಿಯಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿಕೊಳ್ಳೋಣ: ಮನೆಗೆ ಒಯ್ದವಳು ಇದನ್ನು ಏನು ಮಾಡುತ್ತಾಳೆ? ಉತ್ತರ ಹೊಳೆಯದಿದ್ದರೆ ಅದನ್ನು ಅಲ್ಲೇ ಬಿಟ್ಟು ಬರುವುದು ಲೇಸು.