ಭಾರವಾಗಬಾರದು ಎಂಬ ಮಾತು

ನಮ್ಮ ಹೂಡಿಯ ಕಡೆ ಹೆಂಗಸರಿಗೆ ಅರವತ್ತು ದಾಟಿತೆಂದರೆ ಒಂದು ಮಾತು ತಪ್ಪದೆ ಬಾಯಿಗೆ ಬರುತ್ತದೆ: "ಯಾರಿಗೂ ಭಾರ ಆಗದ ಹಾಗೆ ದೇವರು ಕರ್ಕೊಂಡ್ರೆ ಸಾಕು." ಇದು ಬಯಕೆಯೋ, ಸಂಕೋಚವೋ? ದಯಾಮರಣದ ಚರ್ಚೆಯಲ್ಲಿ ನನ್ನನ್ನು ಕಾಡುವುದು ಇದೇ.

ಅರುಣಾ ಶಾನಭಾಗ ನಮ್ಮ ಉತ್ತರ ಕನ್ನಡದ ಹಳದೀಪುರದವಳು, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್. 1973ರಲ್ಲಿ ಅಲ್ಲಿನ ನೌಕರನೊಬ್ಬ ನಡೆಸಿದ ಹಲ್ಲೆಯ ನಂತರ 41 ವರ್ಷ ಹಾಸಿಗೆಯಲ್ಲೇ ಉಳಿದಳು. ಆಕೆಯನ್ನು ಬಿಡುಗಡೆ ಮಾಡಿರೆಂದು ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದಾಗ, ಬೇಡವೆಂದವರು ಆಕೆಯ ಮೈ ತೊಳೆದು ಉಣಿಸುತ್ತಿದ್ದ ದಾದಿಯರು. 2011ರಲ್ಲಿ ಕೋರ್ಟು ದಾದಿಯರ ಮಾತನ್ನೇ ಮನ್ನಿಸಿತು. ಆದರೆ ಬೇರೆಯವರ ವಿಷಯದಲ್ಲಿ, ಕಟ್ಟುನಿಟ್ಟಾದ ಷರತ್ತಿನ ಮೇಲೆ, ಜೀವ ಹಿಡಿದಿಡುವ ಚಿಕಿತ್ಸೆ ನಿಲ್ಲಿಸಬಹುದೆಂದಿತು. ಅರುಣಾ 2015ರಲ್ಲಿ ತೀರಿಕೊಂಡಳು. ಆಕೆಗೆ ಏನು ಬೇಕಿತ್ತೆಂದು ಹೇಳಲು ಆಕೆಗೇ ಬಾಯಿರಲಿಲ್ಲ.

ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರ ಕಥೆ ಬೇರೆ. ಘನತೆಯಿಂದ ಸಾಯುವ ಹಕ್ಕನ್ನು ತಮಗಾಗಿ ತಾವೇ ಕೇಳಿ ವರ್ಷಗಟ್ಟಲೆ ಹೋರಾಡಿದವರು. 2018ರಲ್ಲಿ ಕೋರ್ಟು ಈ ಹಕ್ಕನ್ನು ಒಪ್ಪಿತು, 2025ರ ಜನವರಿಯಲ್ಲಿ ನಮ್ಮ ಸರ್ಕಾರ ಸುತ್ತೋಲೆ ಹೊರಡಿಸಿತು. ಇಂಜೆಕ್ಷನ್ ಕೊಟ್ಟು ಸಾಯಿಸುವುದಲ್ಲ, ಗಮನಿಸಿ. ಗುಣವಾಗದವರಿಗೆ ಯಂತ್ರ, ನಳಿಕೆಗಳನ್ನು ನಿಲ್ಲಿಸುವುದಷ್ಟೇ. ಅದಕ್ಕೂ ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಮನೆಯವರೂ ಒಪ್ಪಬೇಕು.

ನಮ್ಮ ಅತ್ತೆಯವರು ಕ್ಯಾನ್ಸರಿನ ನೋವಿನಲ್ಲಿ "ಸಾಯಿಸಿಬಿಡ್ರೇ" ಎಂದು ದಿನವೂ ಅಳುತ್ತಿದ್ದರು. ಮಾರ್ಫಿನ್ ಶುರುವಾದ ನಾಲ್ಕನೆಯ ದಿನ ಸಾರಿಗೆ ಉಪ್ಪು ಸಾಲದೆಂದು ನನ್ನನ್ನು ಗದರಿದರು! ಅಷ್ಟು ದಿನ ಅವರು ಬೇಡಿದ್ದು ಸಾವನ್ನಲ್ಲ. ನಮಗೆ ಹತ್ತಿರದ ಕುಂದಲಹಳ್ಳಿ ಗೇಟಿನಲ್ಲಿ 1999ರಿಂದ ಕರುಣಾಶ್ರಯವಿದೆ. ಗುಣವಾಗದ ಕ್ಯಾನ್ಸರ್ ರೋಗಿಗಳ ನೋವನ್ನು ಹಣ ತೆಗೆದುಕೊಳ್ಳದೆ ಇಳಿಸುತ್ತಾರೆ. ಅಂಥ ಕಡೆ ಹಾಸಿಗೆ ಸಿಗದ ಊರಿನಲ್ಲಿ, ಸೊಸೆಯೊಬ್ಬಳೇ ಹಗಲಿರುಳು ಹೇಲು ಉಚ್ಚೆ ಬಾಚುವ ಮನೆಯಲ್ಲಿ, ಮುದುಕಿ "ಸಾಕಮ್ಮ" ಎಂದರೆ ಅದನ್ನು ಆಕೆಯ ಇಷ್ಟವೆಂದು ನಾನು ಬರೆದುಕೊಳ್ಳಲಾರೆ. ನೋವು ಇಳಿದ ಮೇಲೆ, ಮಗನೂ ಒಂದು ಕೈ ಹಚ್ಚಿದ ಮೇಲೆ, ಅದೇ ಮಾತನ್ನು ಮತ್ತೆ ಹೇಳಿದರೆ ಅದು ಬೇರೆ. ಆಗ ಯಂತ್ರ ತೆಗೆಸುವುದು ಕೊಲೆಯೆಂದು ನನಗೆ ತೋರುವುದಿಲ್ಲ.

ಬಾಯಿ ಇರುವಾಗಲೇ ಇಂಥ ಇಚ್ಛೆಯನ್ನು ಬರೆದಿಡಬಹುದು. ಇಬ್ಬರು ಸಾಕ್ಷಿಗಳು, ನೋಟರಿಯ ಇಲ್ಲವೇ ಗೆಜೆಟೆಡ್ ಅಧಿಕಾರಿಯ ರುಜು ಬೇಕು. ನಮ್ಮ ಪರವಾಗಿ ನಿರ್ಧರಿಸುವವರ ಹೆಸರೂ ಇರಬೇಕು. ನಾನು ಮಗಳ ಹೆಸರನ್ನೂ ತಂಗಿಯ ಹೆಸರನ್ನೂ ಹಾಕಬೇಕೆಂದಿದ್ದೇನೆ. ಮಗನ ಹತ್ತಿರ ಈ ಮಾತೆತ್ತಿದರೆ ತಟ್ಟೆ ಬಿಟ್ಟು ಎದ್ದು ಹೋಗುತ್ತಾನೆ.