ಕ್ರೀಡಾಗುರುವಿನ ಕಾಯಕ

ಕಾಯಕವೆಂದೊಡನೆ ನೇಗಿಲು, ಮಗ್ಗ, ತಕ್ಕಡಿ, ಲೇಖನಿ ಮೊದಲಾದುವು ಮನಸ್ಸಿಗೆ ಬರುವುವು. ಮೈದಾನದ ಅಂಚಿನಲ್ಲಿ ಸೀಟಿ ಹಿಡಿದು ನಿಂತವನ ಕೆಲಸವು ಕಾಯಕವೋ ವಿನೋದವೋ ಎಂಬ ಸಂಶಯವು ಅನೇಕ ಗೃಹಸ್ಥರಲ್ಲಿ ಇಂದಿಗೂ ಉಂಟು. ಮಗನು ಪುಸ್ತಕವನ್ನು ಬಿಟ್ಟು ಚೆಂಡಿನ ಹಿಂದೆ ಹೋದನೆಂದು ಕೊರಗುವ ತಂದೆಗೆ ಆ ಚೆಂಡನ್ನು ಕಲಿಸುವವನು ಗುರುವಾಗಿ ಕಾಣುವುದು ಕಷ್ಟವೇ ಸರಿ. ಆದರೆ ಈ ಸಂಶಯವನ್ನು ಬೆಳೆಸಬೇಕಾದುದಿಲ್ಲ. ಹಗ್ಗ ಹೊಸೆಯುವವನು, ದೋಣಿ ನಡೆಸುವವನು, ಬಟ್ಟೆ ಮಡಿ ಮಾಡುವವನು ಒಂದೇ ಪಂಕ್ತಿಯಲ್ಲಿ ಕುಳಿತ ಹನ್ನೆರಡನೆಯ ಶತಮಾನದಲ್ಲಿಯೇ ಅದು ತೀರ್ಮಾನವಾಗಿ ಹೋಗಿದೆ. ವಿಚಾರಿಸಬೇಕಾದ ಪ್ರಶ್ನೆ ಬೇರೊಂದುಂಟು. ಕಾಯಕದ ಫಲವು ಜಯವೆಂದು ಎಲ್ಲರೂ ಎಣಿಸುವ ಕಡೆಯಲ್ಲಿ ಆ ಜಯವನ್ನು ಯಾವ ಬಗೆಯಿಂದ ಗಳಿಸಿದರೆ ಕಾಯಕವು ಶುದ್ಧವಾಗಿ ಉಳಿದೀತು?

ಬೆಂಗಳೂರಿನ ಜಯನಗರವನ್ನು ಈ ವಿಚಾರಕ್ಕೆ ನೆಲೆಯಾಗಿ ಇಟ್ಟುಕೊಳ್ಳಬಹುದು. ಹೆಸರಿನಲ್ಲಿಯೇ ಜಯವಿದೆ, ಆದರೆ ಅದು ಯಾವ ಕಾಳಗದ ಗೆಲುವಿನಿಂದಲೂ ಬಂದುದಲ್ಲ. 1948ರಲ್ಲಿ ಸಿ. ರಾಜಗೋಪಾಲಾಚಾರ್ಯರು ಅಡಿಗಲ್ಲಿಟ್ಟ ಈ ಬಡಾವಣೆಗೆ ಜಯಚಾಮರಾಜೇಂದ್ರ ಒಡೆಯರ ಹೆಸರಿನ ಮೊದಲ ಭಾಗವು ಸಂದಿತು. ಇಂದು ಅಲ್ಲಿ ಕಾಲೇಜುಗಳು ಹಲವು, ಮೈದಾನಗಳು ಕೆಲವು. ಇಂಥ ಒಂದು ಕಾಲೇಜು ಇದುವರೆಗೆ ಇಲ್ಲದಿದ್ದ ವಾಲಿಬಾಲ್ ತಂಡವನ್ನು ಕಟ್ಟಲು ನಿಶ್ಚಯಿಸಿ ಒಬ್ಬ ತರಬೇತುದಾರನನ್ನು ನೇಮಿಸಿತೆಂದು ಭಾವಿಸಬಹುದು. ಅಂಗಣದ ಉದ್ದ 18 ಮೀಟರು, ಅಗಲ 9 ಮೀಟರು. 60 ಅಡಿ 40 ಅಡಿಯ ನಿವೇಶನವೊಂದರಲ್ಲಿ ಗೆರೆಗಳೇನೋ ಅಡಗುವುವು. ಸುತ್ತಲೂ ಬಿಡಬೇಕಾದ 3 ಮೀಟರಿಗೆ ಮಾತ್ರ ನೆರೆಯವರ ಗೋಡೆಯನ್ನು ಕೇಳಬೇಕಾದೀತು. ಅಲ್ಲಿಯ ನಿವೇಶನದ ಬೆಲೆಯನ್ನು ಬಲ್ಲವರಿಗೆ, ಅಷ್ಟು ನೆಲವನ್ನು ಆಟಕ್ಕೆ ಬಿಟ್ಟುಕೊಡುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೊಟ್ಟ ಆಡಳಿತ ಮಂಡಳಿಯವರು ಎರಡು ವರ್ಷಗಳೊಳಗೆ ಪ್ರಾಂಶುಪಾಲರ ಕೊಠಡಿಯ ಗಾಜಿನ ಬೀರುವಿನಲ್ಲಿ ಒಂದು ಕಪ್ಪನ್ನು ನಿರೀಕ್ಷಿಸುವುದೂ ಸಹಜವೇ. ತರಬೇತುದಾರನ ಧರ್ಮಸಂಕಟವು ಇಲ್ಲಿಂದ ಮೊದಲಾಗುವುದು.

ಅದನ್ನು ತಿಳಿಯಲು ಆಟದ ಸ್ವಭಾವವನ್ನು ತುಸು ನೋಡಬೇಕು. 1895ರಲ್ಲಿ ಅಮೆರಿಕದ ಹೋಲಿಯೋಕ್ ಎಂಬ ಊರಿನಲ್ಲಿ, ವೈ.ಎಂ.ಸಿ.ಎ. ಸಂಸ್ಥೆಯ ವ್ಯಾಯಾಮ ಶಿಕ್ಷಕನಾಗಿದ್ದ ವಿಲಿಯಂ ಮಾರ್ಗನ್ ಎಂಬಾತನು, ಬ್ಯಾಸ್ಕೆಟ್‌ಬಾಲಿನ ನೂಕುನುಗ್ಗಲನ್ನು ತಾಳಲಾರದ ನಡುವಯಸ್ಸಿನ ವ್ಯಾಪಾರಿಗಳಿಗಾಗಿ ಇದನ್ನು ಕಲ್ಪಿಸಿದನು. ನಮ್ಮ ದೇಶದಲ್ಲಿ ಇಂಥ ಆಟಗಳ ಶಿಕ್ಷಣವನ್ನು ಒಂದು ಶಾಸ್ತ್ರವಾಗಿ ನೆಲೆಗೊಳಿಸಿದ ಹ್ಯಾರಿ ಕ್ರೋ ಬಕ್ ಎಂಬವನೂ ಅದೇ ಸಂಸ್ಥೆಯವನು. 1920ರಲ್ಲಿ ಮದರಾಸಿನಲ್ಲಿ ವ್ಯಾಯಾಮ ಶಿಕ್ಷಕರ ಕಾಲೇಜನ್ನು ತೆರೆದು 1943ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ದುಡಿದನು. ಬೆಂಗಳೂರಿನ ಹೆಣ್ಣುಮಕ್ಕಳ ಶಾಲೆಗಳಲ್ಲಿ ಮನೆಮಾತಾಗಿರುವ ಥ್ರೋಬಾಲ್ ಕೂಡ ವೈ.ಎಂ.ಸಿ.ಎ.ಯವರ ಮೂಲಕವೇ ಹಬ್ಬಿದುದು.

ಈ ಥ್ರೋಬಾಲಿನಲ್ಲಿಯೇ ಹೊಸ ತರಬೇತುದಾರನ ಮೊದಲ ಪರೀಕ್ಷೆ ಅಡಗಿದೆ. ಅಲ್ಲಿ ಬಂದ ಚೆಂಡನ್ನು ಎರಡು ಕೈಗಳಿಂದ ಹಿಡಿಯಬೇಕು, ಹಿಡಿದು ಎಸೆಯಬೇಕು. ವಾಲಿಬಾಲಿನಲ್ಲಿ ಹಿಡಿದರೆ ತಪ್ಪು. ಎಂಟು ಹತ್ತು ವರ್ಷ ಹಿಡಿಯುವುದನ್ನೇ ಕಲಿತು ಬಂದ ಕೈ, ಚೆಂಡು ಹತ್ತಿರ ಬಂದೊಡನೆ ತಾನಾಗಿಯೇ ಮುಚ್ಚಿಕೊಳ್ಳುವುದು. ಅದನ್ನು ಬಿಡಿಸಲು ತಿಂಗಳುಗಳೇ ಬೇಕು. ಒಂದು ತಂಡಕ್ಕೆ ಮೂರು ಸ್ಪರ್ಶಗಳು ಮಾತ್ರ. ಒಬ್ಬನೇ ಎರಡು ಬಾರಿ ಒಡನೊಡನೆ ಮುಟ್ಟುವಂತಿಲ್ಲ. ಬಲೆಯ ಬಳಿ ತಡೆದುದೊಂದು ಮಾತ್ರ ಲೆಕ್ಕಕ್ಕೆ ಬಾರದು. ಎದುರಾಳಿಯ ಕೈಯಿಂದ ಸರ್ವೀಸನ್ನು ಗೆದ್ದುಕೊಂಡಾಗಲೆಲ್ಲ 6 ಮಂದಿಯೂ ಒಂದೊಂದು ಸ್ಥಾನ ಬಲಸುತ್ತಾಗಿ ತಿರುಗಬೇಕು. ಪ್ರದಕ್ಷಿಣೆಯ ಈ ಕ್ರಮವು ಯಾರಿಗೆ ಎಲ್ಲಿಂದ ಹೊಳೆಯಿತೋ ಶಿವನೇ ಬಲ್ಲ! ಮುಂದಿನ ಸಾಲಿನಲ್ಲಿ ನೆಗೆದು ಹೊಡೆದವನು ಗಳಿಗೆಯೊಳಗೆ ಹಿಂದಿನ ಸಾಲಿನಲ್ಲಿ ನೆಲಕ್ಕೆ ಬಾಗಿ ಚೆಂಡೆತ್ತುವನು. ಹಿಂದೆ ನಿಂತು ಚೆಂಡೆತ್ತುವುದಕ್ಕೆಂದೇ ಮೀಸಲಾದ ಲಿಬೆರೋ ಎಂಬ ಆಟಗಾರನಿಗೆ 1998ರಿಂದ ಅವಕಾಶವಾಗಿದೆಯಾದರೂ ಮೂಲ ನಿಯಮವು ಕೆಟ್ಟಿಲ್ಲ. ತನಗೆ ಬಂದುದನ್ನು ತನ್ನಲ್ಲಿ ಇಟ್ಟುಕೊಳ್ಳದೆ, ಮುಂದಿನವನಿಗೆ ಬಳಕೆಯಾಗುವಂತೆ ಹದಮಾಡಿ ಕೊಡುವುದನ್ನು ದಾಸೋಹವೆಂದು ಕರೆಯುವ ಪರಂಪರೆಯವರಿಗೆ ಈ ಆಟವು ಅಪರಿಚಿತವೆನಿಸದು. ಲಿಫ್ಟರ್ ಎಂದು ಹುಡುಗರು ಕರೆಯುವ ಆಟಗಾರನನ್ನು ನೋಡಿದರೆ ಸಾಕು. ಅವನ ಬೆರಳುಗಳಿಂದ ಹಾಯದೆ ಒಂದು ಒಳ್ಳೆಯ ಹೊಡೆತವೂ ಹುಟ್ಟದು. ಚಪ್ಪಾಳೆ ಮಾತ್ರ ಹೊಡೆದವನಿಗೆ.

ಇನ್ನು ಸಂಕಟದ ಮಾತು. ತರಬೇತುದಾರನ ಮುಂದೆ ಎರಡು ಹಾದಿಗಳಿವೆ. ಬೇರೆಡೆ ಪಳಗಿದ ಆಟಗಾರರನ್ನು ಶುಲ್ಕದ ರಿಯಾಯಿತಿ, ವಿದ್ಯಾರ್ಥಿನಿಲಯದ ಅನ್ನ ಇವುಗಳಿಂದ ಕರೆತಂದರೆ ಮೊದಲ ವರ್ಷವೇ ಕಪ್ಪು ಬಂದೀತು. ಕಾಲೇಜಿನಲ್ಲಿಯೇ ಇರುವ, ಥ್ರೋಬಾಲಿನ ಕೈಯ ಹುಡುಗಿಯರನ್ನೂ ಕ್ರಿಕೆಟ್ಟಿನ ಕನಸಿನ ಹುಡುಗರನ್ನೂ ಕೂಡಿಸಿ ಕಲಿಸಿದರೆ ನಾಲ್ಕು ವರ್ಷ ಸೋಲುಗಳನ್ನೇ ಎಣಿಸಬೇಕು. ಎರಡನೆಯದೇ ಧರ್ಮವೆಂದು ಥಟ್ಟನೆ ಹೇಳುವವರು ಉಂಟು. ಆದರೆ ಅದು ಅವಸರದ ಮಾತು. ಹಳ್ಳಿಯ ಶಾಲೆಯ ಬಯಲಿನಲ್ಲಿ ಎರಡು ಕಂಬಗಳಿಗೆ ಬಲೆ ಕಟ್ಟಿ ಸಂಜೆ ಕತ್ತಲಾಗುವವರೆಗೆ ಆಡಿ ಬೆಳೆದ ಬಡ ಹುಡುಗನಿಗೆ ಆ ರಿಯಾಯಿತಿಯೇ ಕಾಲೇಜಿನ ಬಾಗಿಲು. ಅವನ ತಂದೆಗೆ ಜಯನಗರದಲ್ಲಿ ಒಂದು ಕೊಠಡಿಯ ಬಾಡಿಗೆಯನ್ನೂ ತೆರುವ ಶಕ್ತಿಯಿಲ್ಲ. ಅಂಥವನನ್ನು ಕರೆತಂದು ಅನ್ನವಿಕ್ಕಿ ಓದಿಸುವುದನ್ನು ತಪ್ಪೆನ್ನುವ ಶಾಸ್ತ್ರವಿಲ್ಲ.

ತಪ್ಪು ಬೇರೆಡೆ ಇದೆ. ಆಯ್ದಕ್ಕಿ ಮಾರಯ್ಯನ ಕಥೆ ವಾಚಕರಿಗೆ ತಿಳಿದುದೇ. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮನು ಅದನ್ನು ಒಲೆಗೆ ಏರಿಸಲಿಲ್ಲ. ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ಅಕ್ಕಿ ಕದ್ದುದಲ್ಲ, ಆಯ್ದುದು. ಆದರೂ ಬೇಕಾದುದಕ್ಕಿಂತ ಮಿಗಿಲಾಗಿತ್ತು. ಅಂಗಣದಲ್ಲಿ ಆಡುವವರು 6 ಮಂದಿ, ಪಟ್ಟಿಯಲ್ಲಿ ಸಾಮಾನ್ಯವಾಗಿ 12 ಮಂದಿ. ಎದುರಿನ ಕಾಲೇಜಿಗೆ ದಕ್ಕಬಾರದೆಂದೇ 20 ಮಂದಿಯನ್ನು ತಂದು, 8 ಮಂದಿಯನ್ನು ಮೂರು ವರ್ಷ ಬೆಂಚಿನ ಮೇಲೆ ಕೂರಿಸುವ ತರಬೇತುದಾರನು ನಿಯಮವನ್ನೇನೂ ಮುರಿದಿರಲಾರ. ಆದರೆ ಆ ಎಂಟು ಮಂದಿಯ ಹರೆಯವು ಅವನ ಚೀಲದಲ್ಲಿ ಉಳಿದ ಹೆಚ್ಚಿನ ಅಕ್ಕಿ. ಲಕ್ಕಮ್ಮನಂತೆ ಕೇಳುವವರು ಆಡಳಿತ ಮಂಡಳಿಯಲ್ಲಿ ಒಬ್ಬರಾದರೂ ಇರಬೇಕು, ಇರುವುದು ಅಪರೂಪ.

ಕಠಿಣ ಶಿಕ್ಷಣದ ಪ್ರಶ್ನೆಯೂ ಇದಕ್ಕೆ ಹೊಂದಿದುದೇ. ಜಪಾನಿನ ದೈಮಾತ್ಸು ಹಿರೋಬುಮಿ ಎಂಬ ತರಬೇತುದಾರನು ಹಿಂದೆ ಸೈನಿಕನಾಗಿ ನಮ್ಮ ಇಂಫಾಲದ ಗಡಿಯಲ್ಲಿ ಸೋತು ಬದುಕಿ ಹಿಂದಿರುಗಿದವನು. ಒಸಾಕಾ ಪ್ರಾಂತದ ಕೈಜುಕಾದಲ್ಲಿ ನಿಚಿಬೋ ಗಿರಣಿಯ ಹೆಣ್ಣುಮಕ್ಕಳ ತಂಡವನ್ನು ಅವನು ಕಟ್ಟಿದನು. ಹಗಲೆಲ್ಲ ಗಿರಣಿಯಲ್ಲಿ ದುಡಿದ ಅವರು ಅನಂತರ ನಡುರಾತ್ರಿಯವರೆಗೆ ಅಭ್ಯಾಸ ಮಾಡುತ್ತಿದ್ದರು. ಚೆಂಡಿಗಾಗಿ ನೆಲಕ್ಕೆ ಉರುಳಿ ಅದೇ ಉರುಳಿನಲ್ಲಿ ಎದ್ದು ನಿಲ್ಲುವ ವಿದ್ಯೆಯನ್ನು ಲೋಕಕ್ಕೆ ತೋರಿದರು. 1962ರಲ್ಲಿ ಮಾಸ್ಕೋದಲ್ಲಿ ವಿಶ್ವ ವಿಜಯಿಗಳಾದರು. ವಾಲಿಬಾಲ್ ಮೊದಲ ಬಾರಿಗೆ ಒಲಿಂಪಿಕ್ಸಿಗೆ ಸೇರಿದ 1964ರ ಟೋಕಿಯೋ ಕೂಟದಲ್ಲಿ, ಬಹುಪಾಲು ಅವರಿಂದಲೇ ಕೂಡಿದ ಜಪಾನಿನ ತಂಡವು ಸೋವಿಯತ್ ತಂಡವನ್ನು ಸೋಲಿಸಿ ಚಿನ್ನವನ್ನು ಪಡೆಯಿತು. ದೈಮಾತ್ಸುವಿನ ನಿಷ್ಠುರತೆಯನ್ನು ಅಂದೇ ಅನೇಕರು ಖಂಡಿಸಿದರು, ಅನೇಕರು ಕೊಂಡಾಡಿದರು. ಒಂದು ಮಾತು ಮಾತ್ರ ನಿಜ: ರಾತ್ರಿಯೆಲ್ಲ ಅವರೊಡನೆ ತಾನೂ ನಿಂತು ಒಂದೊಂದು ಚೆಂಡನ್ನೂ ತನ್ನ ಕೈಯಿಂದಲೇ ಹೊಡೆದು ಕೊಡುತ್ತಿದ್ದನು. ಇಂದಿನ ತರಬೇತುದಾರರಲ್ಲಿ ಕೆಲವರು ಅವನ ಗದರಿಕೆಯನ್ನು ಮಾತ್ರ ಕಲಿತು, ಆ ನಿಲುವನ್ನು ಬಿಟ್ಟಿರುವರು. ಅಲ್ಲದೆ, ಬಲಿತ ವಯಸ್ಸಿನ ಕೆಲಸಗಾರ್ತಿಯರಿಗೆ ಹೊರಿಸಿದ ಹೊರೆಯನ್ನು ಬೆಳಗ್ಗೆ ತರಗತಿಗೆ ಹೋಗಬೇಕಾದ 18 ವರ್ಷದ ವಿದ್ಯಾರ್ಥಿಗೆ ಹೊರಿಸಿ, ಅದನ್ನು ಶಿಸ್ತು ಎಂದು ಕರೆಯಲಾಗದು.

ನೆಗೆದು ಇಳಿಯುವ ಆಟವಾದುದರಿಂದ ಮೊಣಕಾಲಿಗೂ ಕಣಕಾಲಿಗೂ ಪೆಟ್ಟು ಹೆಚ್ಚು. ಮೊಣಕಾಲಿನೊಳಗಿನ ಕಟ್ಟು ಹರಿದು ಶಸ್ತ್ರಚಿಕಿತ್ಸೆಯಾದರೆ ಮತ್ತೆ ಆಡಲು 9 ತಿಂಗಳೋ ವರ್ಷವೋ ಬೇಕು; ಕೆಲವರು ಮರಳಿ ಆಡುವುದೇ ಇಲ್ಲ. ಆಟಕ್ಕಾಗಿ ಕರೆತಂದ ಹುಡುಗನು ಆಡಲಾರದವನಾದಾಗ, ರಿಯಾಯಿತಿಯನ್ನು ನಿಲ್ಲಿಸುವ ಅಧಿಕಾರ ಕಾಲೇಜಿಗೆ ಇರಬಹುದು. ಆಗ ಅವನಿಗೆ ಇಕ್ಕಿದ ಅನ್ನವು ದಾಸೋಹವಾಗಿತ್ತೋ, ಹೊಡೆತಕ್ಕೆ ಕೊಟ್ಟ ಕೂಲಿಯಾಗಿತ್ತೋ ಎಂಬುದು ಬಯಲಾಗುವುದು. ಆದುದರಿಂದ ಹೊಸ ತಂಡವನ್ನು ಕಟ್ಟಲು ಒಪ್ಪಿದವನು ಬಲೆ, ಚೆಂಡು, ದೀಪಗಳನ್ನು ಕೇಳುವುದಕ್ಕೆ ಮೊದಲು ಒಂದು ಮಾತನ್ನು ಬರಹದಲ್ಲಿ ಪಡೆಯಬೇಕು: ಗಾಯಗೊಂಡವನ ಶುಲ್ಕವೂ ಊಟವೂ ಅವನ ಕೊನೆಯ ಪರೀಕ್ಷೆಯವರೆಗೆ ನಡೆಯತಕ್ಕುದು. ಅದಕ್ಕೆ ಒಪ್ಪದ ಮಂಡಳಿಗೆ ಕಪ್ಪನ್ನು ತಂದುಕೊಡುವ ಹೊಣೆಯನ್ನು ಅವನು ಹೊರಲೇಬಾರದು. ಅಷ್ಟು ದಿನ ಆ ಹುಡುಗನಿಗೆ ಕೆಲಸವಿರದೆಂದೇನೂ ಅಲ್ಲ. ಅಂಕಗಳ ಹಾಳೆಯನ್ನು ಬರೆಯಲು ಒಬ್ಬರು ಬೇಕು. ಥ್ರೋಬಾಲಿನಿಂದ ಬಂದ ಹೊಸಬರ ಕೈ ಮುಚ್ಚಿಕೊಳ್ಳದಂತೆ ಅವರಿಗೆ ದಿನಕ್ಕೆ ನೂರಾರು ಚೆಂಡುಗಳನ್ನು ಹದವಾಗಿ ಎಸೆದು ಕೊಡಲೂ ಒಬ್ಬರು ಬೇಕು. ಅದನ್ನು ಕುರ್ಚಿಯಲ್ಲಿ ಕುಳಿತೇ ಮಾಡಬಹುದು.